ಕೋಳಿಗೂಡಿನ ಹಾಸಿಗೆ

ಈ ಬೆಳಿಗ್ಗೆ ಸಂತೆಗೆ ಹೊರಡೋಣವೆಂದು ರುಮಾಲು ಕೊಡವಿದರೆ ಅದರ ಮಡಿಕೆಯಿಂದ ಒಂದು ಭತ್ತದ ಹೊಟ್ಟು ಉದುರಿತು. ಬೇರೆಯವರಾಗಿದ್ದರೆ ಕಸ ಅಂದುಕೊಂಡು ಊದಿಬಿಡುತ್ತಿದ್ದರು. ನಾನು ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಜಗಲಿಯಲ್ಲಿ ಕೂತವನು ಕೂತೇಬಿಟ್ಟೆ. ಒಳಗಿನಿಂದ ನನ್ನ ಹೆಂಡತಿ ಕೆಂಪಮ್ಮ, "ಓಗ್ಲಿಲ್ವಾ ಇನ್ನೂವೆ?" ಅಂದಳು. "ಓಯ್ತೀನಿ" ಅಂದೆ. ಹೋಗಲಿಲ್ಲ. ಸಂತೆ ವಾರ ವಾರವೂ ಕೂಡುತ್ತದೆ. ಸಂತೋಷ ಹೀಗೆ ತಲೆಯ ಮೇಲಿನಿಂದ ಉದುರುವುದು ದಿನವೂ ಆಗುವ ಮಾತಲ್ಲ.

ನನಗೆ ಓದು ಅಷ್ಟಕ್ಕಷ್ಟೆ. ದೊಡ್ಡ ದೊಡ್ಡ ವಿಷಯ ಬರೆಯುವವರು ಬೇರೆ ಇದ್ದಾರೆ, ಅವರು ಬರೆಯಲಿ. ಆದರೆ ಕೋಳಿಯ ಕಾಲ ಕೆಳಗೆ ಏನು ಹಾಸಬೇಕು, ಏನು ಹಾಸಬಾರದು ಅನ್ನುವ ಮಾತಿಗೆ ಬಂದರೆ, ನಂಜನಗೂಡಿನಿಂದ ನರಸೀಪುರದವರೆಗೆ ನನ್ನೆದುರು ಕೂತು ವಾದ ಮಾಡುವವರು ಯಾರಾದರೂ ಇದ್ದರೆ ಬರಲಿ. ಎಲೆ ಅಡಿಕೆ ಕೊಟ್ಟು ಕೂರಿಸಿಕೊಳ್ಳುತ್ತೇನೆ. ಗೆಲ್ಲುವುದು ಮಾತ್ರ ನಾನೇ.

ಈ ಪಾಂಡಿತ್ಯ ನನಗೆ ಬಂದದ್ದು ಮೊಮ್ಮಗಳ ದೆಸೆಯಿಂದ.

ನಮ್ಮದು ಚಿಕ್ಕಯ್ಯನಛತ್ರದ ಕಡೆಯ ಹೊಲದ ಸೀಮೆ. ರಾಗಿ, ಜೋಳ, ಹುರುಳಿ ಬೆಳೆಯುವ ನೆಲ. ಮಗ ಮರಿಯಪ್ಪನಿಗೆ ಹೆಣ್ಣು ತಂದದ್ದು ಮಾತ್ರ ಬನ್ನೂರಿನಿಂದ, ಭತ್ತ ಕಬ್ಬಿನ ಗದ್ದೆ ಸೀಮೆಯಿಂದ. ಗದ್ದೆಯವರು ಹೊಲದವರಿಗೆ ಹೆಣ್ಣು ಕೊಡುವಾಗ, ಅನ್ನ ಉಂಡ ಮಗಳು ಇನ್ನು ಮುದ್ದೆ ನುಂಗಬೇಕಲ್ಲ ಎಂದು ಸ್ವಲ್ಪ ನಿಟ್ಟುಸಿರು ಬಿಟ್ಟೇ ಕೊಡುತ್ತಾರೆ. ಸೊಸೆ ಚಿಕ್ಕತಾಯಿ ಬಂದ ವಾರದಲ್ಲೇ ಮುದ್ದೆ ನುಂಗುವುದನ್ನು ಕಲಿತಳು. ನಿಟ್ಟುಸಿರು ಉಳಿದದ್ದು ಅವಳ ತಾಯಿ ಹೊನ್ನಮ್ಮನಲ್ಲಿ.

ಚೊಚ್ಚಲ ಹೆರಿಗೆಗೆ ಚಿಕ್ಕತಾಯಿ ತವರಿಗೆ ಹೋದಳು. ದೀಪಾವಳಿ ಕಳೆದ ಮೇಲೆ ಹೆಣ್ಣು ಕೂಸಾಯಿತೆಂದು ಬನ್ನೂರಿನಿಂದ ಆಳು ಬೆಲ್ಲ ಹಿಡಿದುಕೊಂಡು ಬಂದ. ಆಗ ನಾನು ರಾಗಿ ಕುಯ್ಯುತ್ತಿದ್ದೆ. ಕೈಯಲ್ಲಿದ್ದ ಕುಡುಗೋಲು ಎಲ್ಲಿ ಬಿಸಾಕಿದೆನೋ ಇವತ್ತಿಗೂ ಸಿಕ್ಕಿಲ್ಲ. ಬಾಯಿಗೆ ಬೆಲ್ಲ ಹಾಕಿಕೊಂಡವನು ಹಾಗೆಯೇ ಹೊಲದ ಬದುವಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದೆ. ಕೂಲಿಯವರೆಲ್ಲ ನಿಂತು ನೋಡಿದರು. "ಗೌಡ್ರಿಗೆ ಬೆಲ್ಲ ನೆತ್ತಿಗೇರ್ಕಂಡದೆ ಕಣ್ರಪ್ಪ" ಅಂದಳು ಒಬ್ಬಳು. ಏರಿತ್ತು. ಇನ್ನೂ ಇಳಿದಿಲ್ಲ.

ಸೂತಕ ಕಳೆಯುವುದನ್ನೇ ಕಾದು, ನಾನೂ ಕೆಂಪಮ್ಮನೂ ಗಾಡಿ ಕಟ್ಟಿಕೊಂಡು ಹೊರಟೆವು. ನರಸೀಪುರದಲ್ಲಿ ಎತ್ತು ಬಿಚ್ಚಿ, ಬುತ್ತಿ ಬಿಚ್ಚಿ, ಮತ್ತೆ ಹೂಡಿ, ಬನ್ನೂರು ಮುಟ್ಟುವಾಗ ಹೊತ್ತು ಇಳಿದಿತ್ತು. ಹೊನ್ನಮ್ಮ ಮೊರದಲ್ಲಿ ಹಳೆಯ ಸೀರೆ ಮಡಿಸಿ ಹಾಸಿ, ಅದರ ಮೇಲೆ ಕೂಸನ್ನು ಮಲಗಿಸಿಕೊಂಡು ತಂದು ನನ್ನ ಮುಂದೆ ಇಟ್ಟಳು. ಕೆಂಪಗೆ, ಒಂದು ಹಿಡಿ. ಹಣೆ ನೋಡಿದರೆ ನಮ್ಮವ್ವನ ಹಣೆ. ಮೂಗು ಯಾರದೋ ಇರಲಿ.

ಬಾಣಂತಿ ಗಂಡನ ಮನೆಗೆ ಬರುವುದು ಮೂರನೆಯ ತಿಂಗಳಿನಲ್ಲಿ, ಇಲ್ಲವೆ ಐದನೆಯದರಲ್ಲಿ. ನಾಲ್ಕು ಸರಿ ಸಂಖ್ಯೆ, ಅದರಲ್ಲಿ ಹೊಸಲು ದಾಟಿಸುವುದಿಲ್ಲ. ನಾನು ಎಲೆ ಬಾಯಿಗಿಡುವ ಮೊದಲೇ, "ಮೂರ್ನೇ ತಿಂಗ್ಳಿಗೆ ಗಾಡಿ ತತ್ತೀನಿ ತಾಯಿ" ಅಂದುಬಿಟ್ಟೆ. ಅಷ್ಟು ಅವಸರವೇಕೆ ಅನ್ನುವಿರಿ. ಮೂರು ಐದರ ನಡುವೆ ಕೂಸು ನಗುವುದು ಕಲಿಯುತ್ತದೆ, ಮುಖ ಗುರುತಿಸುವುದು ಕಲಿಯುತ್ತದೆ, ಬೋರಲು ಬೀಳುತ್ತದೆ. ಅದೆಲ್ಲ ಬನ್ನೂರಿನವರು ನೋಡುವುದು, ನಾನು ಇಲ್ಲಿ ಕೂತು ಆಳಿನ ಬಾಯಲ್ಲಿ ಕೇಳಿಸಿಕೊಳ್ಳುವುದು ಅಂದರೆ ನ್ಯಾಯವೇ?

ಹೊನ್ನಮ್ಮ ಬಸುರಿ ಮಗಳನ್ನು ಕರೆದುಕೊಂಡು ಹೋಗಲು ನಮ್ಮ ಮನೆಗೆ ಬಂದಾಗ ಎಲ್ಲವನ್ನೂ ನೋಡಿಕೊಂಡು ಹೋಗಿದ್ದಳು.

"ಕಳ್ಸಾದು ಕಳ್ಸಾನ ಬೀಗ್ರೇ. ಆದ್ರೆ ನಿಮ್ಮನೆ ಕ್ವಾಳಿಗೂಡು ನಾ ನೋಡಿವ್ನಿ. ತೊಟ್ಲು ಕಟ್ಟೋ ಕ್ವಾಣೆ ಗ್ವಾಡೆಗೇ ಒರಗ್ಕಂಡದೆ. ಆ ವಾಸ್ನೆ, ಆ ಕ್ವಾಳಿ ಹೇನು, ನನ್ ಮೊಮ್ಮಗೀಗೆ ಬ್ಯಾಡ."

"ಗೂಡು ಬ್ಯಾರೆ ಕಡೆ ಮಡಗ್ತೀನಿ ತಾಯಿ."

"ಎಲ್ಲಿ ಮಡಗ್ತೀರಿ? ಬಯಲಲ್ಲಿ ಮಡಗಿದ್ರೆ ನರಿ. ಇತ್ಲಲ್ಲಿ ಮಡಗಿದ್ರೆ ಕಾಡುಬೆಕ್ಕು."

"ಅಂಗಾರೆ ಕ್ವಾಳಿ ಮಾರ್ಬುಡ್ತೀನಿ."

"ಮಾರ್ಬುಟ್ಟು? ಬಾಣಂತೀಗೆ ಮೊಟ್ಟೆ ನೀವಿಕ್ತೀರಾ?"

ಕೆಂಪಮ್ಮ ಸೆರಗು ಬಾಯಿಗಿಟ್ಟುಕೊಂಡಳು. ನನ್ನ ಕಡೆಯವಳು ಅಂತ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿದ್ದೆ.

"ಕ್ವಾಳೀನೂ ಇರ್ಬೇಕು, ವಾಸ್ನೇನೂ ಇರ್ಬಾರ್ದು" ಅಂದಳು ಹೊನ್ನಮ್ಮ. "ಸಂಕ್ರಾಂತಿ ಕಳೀಲಿ, ನಾನೇ ಬಂದು ನೋಡ್ತೀನಿ. ಸರ್ಯಾಗಿದ್ರೆ ಮೂರ್ನೇ ತಿಂಗ್ಳು. ಇಲ್ದಿದ್ರೆ ಐದ್ನೇ ತಿಂಗ್ಳು."

ನಾನು ಬೀಗರ, ಅಂದರೆ ಹೊನ್ನಮ್ಮನ ಗಂಡನ, ಮುಖ ನೋಡಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ, "ಅವ್ಳು ಏಳ್ದಂಗೆ" ಅಂದರು. ಆ ಮನೆಯಲ್ಲಿ ಸುಣ್ಣ ಹಚ್ಚುವುದು ಅವರು, ಮಾತಾಡುವುದು ಹೊನ್ನಮ್ಮ.

ಹೀಗೆ ಶುರುವಾಯಿತು ನನ್ನ ವಿದ್ಯಾಭ್ಯಾಸ. ಅಲ್ಲಿಯವರೆಗೆ ಗೂಡಿಗೆ ನಾವು ಏನೂ ಹಾಸಿದವರಲ್ಲ. ಮಣ್ಣುನೆಲ, ಮೇಲೆ ಕೋಳಿ ಹಿಕ್ಕೆ, ನೆನಪಾದಾಗ ಒಂದು ಸಲ ಗುದ್ದಲಿಯಲ್ಲಿ ಕೆರೆಯುವುದು. ಕೊಟ್ಟಿಗೆಯ ಮೂಲೆಯಲ್ಲಿ ಗೂಡು, ಅದರ ಮುಂದೆ ಬಿದಿರು ತಡಿಕೆ ಕಟ್ಟಿದ ಒಂದಿಷ್ಟು ಅಂಗಳ. ಇಷ್ಟೇ ಅವುಗಳ ರಾಜ್ಯ.

ಮೊದಲು ತೋಚಿದ್ದು ರಾಗಿಹುಲ್ಲು. ತೋಚದೆ ಇನ್ನೇನು? ನಾನು ಬೆಳೆದದ್ದೇ ಅದರ ಮೇಲೆ. ಚಿಕ್ಕವನಾಗಿದ್ದಾಗ ಚಳಿಗಾಲ ಬಂತೆಂದರೆ ನಮ್ಮವ್ವ ನೆಲಕ್ಕೆ ರಾಗಿಹುಲ್ಲು ಹರಡಿ, ಮೇಲೆ ಗೋಣಿತಾಟು ಹಾಸಿ, ನಮ್ಮನ್ನೆಲ್ಲ ಸಾಲಾಗಿ ಮಲಗಿಸಿ ಒಂದೇ ಕಂಬಳಿ ಹೊದಿಸುತ್ತಿದ್ದಳು. ಹುಲ್ಲು ಮಲಗಿದಾಗ ಬಿಸಿ ಕೊಡುತ್ತದೆ, ಎದ್ದಾಗ ಬೆನ್ನ ಮೇಲೆ ಬರೆ ಕೊಡುತ್ತದೆ. ಕೆರೆಯಲ್ಲಿ ಈಜುವಾಗ ಹುಡುಗರ ಬೆನ್ನು ನೋಡಿ, ಇವನು ರಾಗಿಹುಲ್ಲಿನವನು, ಇವನು ಜೋಳದ ದಂಟಿನವನು ಅಂತ ಹೇಳಬಹುದಿತ್ತು. ಜೋಳದ ದಂಟಿನವರು ಸ್ವಲ್ಪ ಸಿಡುಕರು. ನಿದ್ದೆ ಸಾಲದು.

ಹೊಸ ಬೆಳೆಯ ಹುಲ್ಲನ್ನೇ ತಂದು ಗೂಡಿಗೂ ಅಂಗಳಕ್ಕೂ ಮಂಡಿಯುದ್ದ ಹಾಸಿದೆ. ಚಿನ್ನದ ಬಣ್ಣ. ದಾರಿಯಲ್ಲಿ ಹೋಗುವವರೆಲ್ಲ ತಡಿಕೆಯ ಮೇಲೆ ಕೈಯಿಟ್ಟು ನೋಡಿದ್ದೇ ನೋಡಿದ್ದು. "ಏನ್ ಗೌಡ, ಕ್ವಾಳಿ ಮದ್ವೆನಾ?" ಅಂದ ಪಕ್ಕದ ಮನೆಯ ಸಿದ್ದ. "ಅಲ್ಲ ಕಣ್ಲಾ, ಬೀಗ್ರು ಬತ್ತಾವ್ರೆ" ಅಂದೆ. "ಬೀಗ್ರನ್ನ ಇದ್ರಾಗೆ ಮನಗಿಸ್ತೀಯಾ?" ಅಂದು ಹೋದ.

ಎಷ್ಟು ಬಡಿದ ಹುಲ್ಲಾದರೂ ತೆನೆಯಲ್ಲಿ ನಾಲ್ಕು ಕಾಳು ಉಳಿದೇ ಇರುತ್ತದೆ. ಅದು ಮನುಷ್ಯನ ಕಣ್ಣಿಗೆ ಕಾಣದು, ಕೋಳಿಗೆ ಕಾಣುತ್ತದೆ. ಒಂದು ಕಾಳಿಗೆ ಒಂದು ಹೊರೆ ಹುಲ್ಲು ಕೆದರಿ ಹಾಕಿದವು. ಉದ್ದದ ಹುಲ್ಲು ಕಾಲಿಗೆ ಸುತ್ತಿಕೊಂಡು, ಒಂದು ಹೇಂಟೆಯಂತೂ ಮದುವಣಗಿತ್ತಿ ಸೆರಗು ಎಳೆದುಕೊಂಡು ಹೋಗುವ ಹಾಗೆ ಊರೆಲ್ಲ ತಿರುಗಿತು. ನೀರಿನ ಮಡಕೆಚೂರು ಮಗುಚಿ ಅಡಿಯ ಹುಲ್ಲು ನೆನೆದು ಮುಗ್ಗಿತು. ಆ ವಾಸನೆಯ ಮುಂದೆ ಮೊದಲಿನದೇ ಸುವಾಸನೆ. ಅಷ್ಟು ಸಾಲದು ಅಂತ ಹುಲ್ಲಿನ ಅಡಿಯಲ್ಲಿ ಒಂದು ಇಲಿ ಸಂಸಾರ ಹೂಡಿತು.

ಆಗ ಪ್ಲೇಗಿನ ಕಾಲ. ಸತ್ತ ಇಲಿ ಕಂಡರೆ ಊರಿಗೆ ಊರೇ ಪಾತ್ರೆ ಪಡಗ ಹೊತ್ತುಕೊಂಡು ಹೊಲದಲ್ಲಿ ಗುಡಿಸಲು ಹಾಕುತ್ತಿತ್ತು. ನಮ್ಮ ಇಲಿ ಬದುಕಿತ್ತು, ಚೆನ್ನಾಗಿಯೇ ಬದುಕಿತ್ತು. ಆದರೂ ಕೂಸು ಮಲಗುವ ಗೋಡೆಯ ಪಕ್ಕದಲ್ಲಿ ಇಲಿ ಅಂದರೆ ಎದೆ ಝಲ್ಲೆನ್ನುವುದಿಲ್ಲವೇ? ಕೆಂಪಮ್ಮ ಒಂದು ಮಾತೂ ಆಡದೆ ಹುಲ್ಲನ್ನೆಲ್ಲ ಎಳೆದು ತಿಪ್ಪೆಗೆ ಹಾಕಿದಳು. ಅವಳು ಮಾತಾಡಿದರೆ ಸಹಿಸಬಹುದು. ಆಡದಿದ್ದರೆ ಕಷ್ಟ.

ಎರಡನೆಯದು ನನ್ನ ಸ್ವಂತ ಬುದ್ಧಿ. ಕೂಸನ್ನು ನೋಡಿ ಬಹಳ ದಿನವಾಯಿತು ಅನ್ನಿಸಿ (ಬಹಳ ದಿನವೇನೂ ಆಗಿರಲಿಲ್ಲ) ಒಬ್ಬನೇ ಬನ್ನೂರಿಗೆ ಹೋಗಿದ್ದೆ. ಅಲ್ಲಿ ಆಲೆಮನೆಯಲ್ಲಿ ಕಬ್ಬು ಅರೆಯುತ್ತಿದ್ದರು. ಗಾಣದ ಪಕ್ಕದಲ್ಲಿ ಒಣಗಿದ ಕಬ್ಬಿನ ಸಿಪ್ಪೆ, ಬೆಳ್ಳಗೆ, ಮೆತ್ತಗೆ, ಗುಡ್ಡದ ಹಾಗೆ. ಮುಟ್ಟಿ ನೋಡಿದೆ, ಗರಿಗರಿ ಒಣಗಿತ್ತು. ಇದಕ್ಕಿಂತ ಹಾಸಿಗೆ ಉಂಟೇ? ಅದೂ ಬೀಗರ ಊರಿನದೇ ಹಾಸಿಗೆ. ಹೊನ್ನಮ್ಮ ಬಂದು ನೋಡಿದರೆ, "ನಮ್ಮೂರ್ದು" ಅಂತ ಹಿಗ್ಗಿ ಅಲ್ಲೇ ತೀರ್ಪು ಕೊಡುತ್ತಾಳೆ ಅಂತ ಗಾಡಿ ತುಂಬ ಹೇರಿಕೊಂಡೆ. ಗಾಣದವರು ಮುಖ ಮುಖ ನೋಡಿಕೊಂಡರು. ಒಲೆಗೆ ಹಾಕುವ ಸಿಪ್ಪೆಯನ್ನು ಗಾಡಿಯಲ್ಲಿ ಊರಿಗೆ ಸಾಗಿಸುವ ಮನುಷ್ಯನನ್ನು ಅವರು ಕಂಡಿರಲಿಲ್ಲ.

ಕಬ್ಬು ಬೆಳೆಯುವವನಿಗೆ ಗೊತ್ತಿರುತ್ತದೆ, ಸಿಪ್ಪೆ ಎಷ್ಟು ಒಣಗಿದರೂ ಸಿಹಿ ಒಣಗುವುದಿಲ್ಲ ಅಂತ. ರಾಗಿಯವನಿಗೆ ಎಲ್ಲಿಂದ ಗೊತ್ತಾಗಬೇಕು? ಹಾಸಿದ ಮಾರನೆಯ ದಿನವೇ ಇರುವೆ ಬಂದವು. ಮೊದಲು ಒಂದು ಗೆರೆ, ಆಮೇಲೆ ಒಂದು ದಾರಿ, ಆಮೇಲೆ ಒಂದು ದಂಡು. ನಮ್ಮ ಸೀಮೆಯಲ್ಲಿ ಅಷ್ಟು ಕೆಂಜಿಗ ಇದ್ದವೆಂದು ನನಗೇ ತಿಳಿದಿರಲಿಲ್ಲ. ಕೋಳಿಗಳು ಗೂಡಿನೊಳಗೆ ಕಾಲಿಡದೆ ಮಾಡಿನ ಮೇಲೆ ಹತ್ತಿ ಕೂತು ನನ್ನನ್ನೇ ನೋಡುತ್ತಿದ್ದವು. ದಂಡು ಗೋಡೆ ಹತ್ತಿ, ತೊಟ್ಟಿಲು ಕಟ್ಟುವ ಕೋಣೆಯ ತೊಲೆಯವರೆಗೆ ಮೆರವಣಿಗೆ ಹೊರಟಿತು.

ಈ ಸಲ ಕೆಂಪಮ್ಮ ಬಾಯಿಬಿಟ್ಟಳು. "ಅಲ್ಲಾ, ಮಗೀಗೆ ಹೇನು ಕಚ್ತದೆ ಅಂದ್ರೆ, ಇರಾದು ಸಾಲ್ದು ಅಂತ ಇರ್ವೆ ಬ್ಯಾರೆ ಗಾಡೀಲಿ ತಂದಿದ್ದೀರಲ್ಲ."

"ಒಣಗಿತ್ತು ಕಣೇ."

"ನಿಮ್ ತಲೆನೂ ಅಂಗೇ ಒಣಗ್ಕಂಡದೆ."

ಸಿಪ್ಪೆಗೆ ಬೆಂಕಿ ಇಟ್ಟಳು. ಉರಿದು ಹೋದ ಮೇಲೆ ಬೂದಿಯನ್ನು ಮೊರದಲ್ಲಿ ತುಂಬಿ ತಂದು ಗೂಡಿನ ಸುತ್ತ, ಗೋಡೆಯ ಬುಡದಲ್ಲಿ ಚೆಲ್ಲಿದಳು. ಇರುವೆ ನಿಂತವು. ಅಷ್ಟೇ ಅಲ್ಲ, ಮಾಡಿನ ಮೇಲಿದ್ದ ಕೋಳಿಗಳು ಇಳಿದು ಬಂದು ಆ ಬೂದಿಯಲ್ಲಿ ರೆಕ್ಕೆ ಬಿಚ್ಚಿ ಹೊರಳಾಡಿದವು. ಕಣ್ಣು ಮುಚ್ಚಿಕೊಂಡು, ಎಣ್ಣೆ ನೀರು ಹಾಕಿಸಿಕೊಂಡವರ ಹಾಗೆ. ಬೂದಿಯಲ್ಲಿ ಹೊರಳಿದ ಕೋಳಿಗೆ ಹೇನು ನಿಲ್ಲುವುದಿಲ್ಲ. ನನ್ನ ಪಾಂಡಿತ್ಯದ ಮೊದಲನೆಯ ಅಕ್ಷರ ಇದು.

ಅಕ್ಷರ ಅಂದರೆ ಮರಳು ನೆನಪಾಗುತ್ತದೆ. ಕೂಲಿಮಠದ ಅಯ್ಯನವರು ನಮಗೆ ಬರೆಯುವುದನ್ನು ಕಲಿಸಿದ್ದು ಮರಳಿನ ಮೇಲೆ. ಹೊಳೆ ಮರಳು ಹರಡಿ, ಕೂತು, ಬೆರಳಿನಲ್ಲಿ ತಿದ್ದಬೇಕು. ಅಯ್ಯನವರ ಮನೆಯಲ್ಲಿ ಕೋಳಿ ಇರಲಿಲ್ಲ, ಅವರು ಮುಟ್ಟುವವರಲ್ಲ. ಪಕ್ಕದ ಮನೆಯ ಕೋಳಿಗೆ ಆ ಭೇದ ತಿಳಿಯದು. ನಾನು ಬೆವರು ಸುರಿಸಿ ಬರೆದ ಅಕ್ಷರವನ್ನು ಅಯ್ಯನವರು ನೋಡುವ ಮೊದಲೇ ಅದು ಬಂದು ಕೆದರಿಬಿಡುತ್ತಿತ್ತು. "ಕ್ವಾಳಿ ಕೆದರ್ತು ಅಯ್ನೋರೇ" ಅಂದರೆ, "ನೀನು ಬರೆದದ್ದಕ್ಕೂ ಅದು ಕೆದರಿದ್ದಕ್ಕೂ ಭೇದ ಕಾಣೆನಪ್ಪ" ಅನ್ನುತ್ತಿದ್ದರು. ಈಗ ನೀವು ಓದುತ್ತಿರುವ ಈ ಬರಹವನ್ನು ನೋಡಿದ್ದರೆ ಅವರು ಏನನ್ನುತ್ತಿದ್ದರೋ.

ಆ ಕೋಳಿ ಯಾಕೆ ದಿನವೂ ಬರುತ್ತಿತ್ತು ಅನ್ನುವುದು ನನಗೆ ತಿಳಿದದ್ದು ಅಜ್ಜನಾದ ಮೇಲೆ. ಕೋಳಿಗೆ ಮರಳು ಅಂದರೆ ಪ್ರಾಣ. ಕೆದರಬಹುದು, ಹೊರಳಬಹುದು, ಸಣ್ಣ ಕಲ್ಲು ನುಂಗಬಹುದು. ಮರಳು ನೀರು ಹಿಡಿಯುವುದಿಲ್ಲ, ಹಿಕ್ಕೆ ಮೇಲೆಯೇ ಒಣಗಿ ಗಟ್ಟಿಯಾಗುತ್ತದೆ, ಕಡ್ಡಿಯಲ್ಲಿ ಬಳಿದರೆ ಬಂತು. ಕಪಿಲೆಯ ದಡದಿಂದ ಮರಳು ತಂದು, ಜರಡಿ ಹಿಡಿದು, ತಡಿಕೆಯೊಳಗಿನ ಅಂಗಳಕ್ಕೆ ಒಂದು ಗೇಣು ಹಾಕಿದೆ, ಹೊರಕ್ಕೆ ಸ್ವಲ್ಪ ಇಳಿಜಾರು ಕೊಟ್ಟು. ಅಂಗಳ ಗೆದ್ದಂತಾಯಿತು.

ಆದರೆ ಗೂಡಿನೊಳಗೆ ಬರಿಯ ಮರಳು ಸಲ್ಲದು. ಮಾಗಿ ಚಳಿಗೆ ಅದು ಮಂಜಿನ ಗಡ್ಡೆ. ಕೋಳಿ ಮೊಟ್ಟೆ ಇಡುವುದನ್ನು ಬಿಟ್ಟರೆ ಹೊನ್ನಮ್ಮನಿಗೆ ಏನು ಹೇಳುವುದು? ಮೇಲೆ ಬೆಚ್ಚಗೆ, ಹಗುರವಾಗಿ, ಕಾಲಿಗೆ ಸುತ್ತದ ಹಾಗೆ ಏನಾದರೂ ಬೇಕು. ಹುರುಳಿ ಹೊಟ್ಟು ಹಾಕಿ ನೋಡಿದೆ, ಎತ್ತುಗಳು ಹಗ್ಗ ಕಿತ್ತುಕೊಂಡು ಬಂದು ತಿಂದವು. ಬೇಕಾದದ್ದು ಭತ್ತದ ಹೊಟ್ಟು ಅಂತ ನನಗೂ ಗೊತ್ತು, ಕೆಂಪಮ್ಮನಿಗೂ ಗೊತ್ತು. ನಮ್ಮ ಸೀಮೆಯಲ್ಲಿ ಭತ್ತ ಎಲ್ಲಿದೆ? ಇರುವುದು ಹೊನ್ನಮ್ಮನ ಮನೆಯಲ್ಲಿ. ಪರೀಕ್ಷೆ ಇಡುವವಳ ಹತ್ತಿರವೇ ಉತ್ತರ ಕೇಳುವುದು ಹೇಗೆ? ನನಗೂ ಒಂದು ಮೀಸೆ ಇದೆ.

ಅಷ್ಟರಲ್ಲಿ ಮರಿಯಪ್ಪ ಹೆಂಡತಿಯನ್ನು ನೋಡಿಕೊಂಡು ಬರಲು ಬನ್ನೂರಿಗೆ ಹೋದವನು ಗಾಡಿಯಲ್ಲಿ ಎರಡು ಗೋಣಿಚೀಲ ಹಾಕಿಕೊಂಡು ಬಂದ. ಬಿಚ್ಚಿ ನೋಡಿದರೆ ಭತ್ತದ ಹೊಟ್ಟು. ಕೇರಿ, ನುಚ್ಚು ದೂಳು ತೆಗೆದು, ಶುದ್ಧ ಮಾಡಿದ್ದು.

"ಯಾರ್ಲಾ ಕೊಟ್ಟೋರು?"

ಮಗ ಎತ್ತಿನ ಕೊರಳ ಹಗ್ಗವನ್ನು ಬಹಳ ಹೊತ್ತು ಬಿಚ್ಚಿದ. "ಅವ್ಳೇ ತುಂಬ್ಕೊಟ್ಲು. ಅವ್ರವ್ವಂಗೆ ಏಳ್ಬ್ಯಾಡಿ ಅಂದ್ಲು."

ಬಾಣಂತಿ. ತಲೆಗೆ ಬಟ್ಟೆ ಕಟ್ಟಿಕೊಂಡು ಬೆಚ್ಚಗೆ ಮಲಗಬೇಕಾದವಳು ತಾಯಿಯ ಕಣ್ಣು ತಪ್ಪಿಸಿ ಹೊಟ್ಟು ಕೇರಿದ್ದಾಳೆ. ಕೆಂಪಮ್ಮ ಚೀಲದೊಳಗೆ ಕೈಯಿಟ್ಟು ಒಂದು ಹಿಡಿ ತೆಗೆದು, ಬೆರಳ ಸಂದಿಯಲ್ಲಿ ಸುರಿಸುತ್ತ, "ನನ್ ಸೊಸೆ" ಅಂದಳು. ನಾನು ರುಮಾಲು ಬಿಚ್ಚಿ ಮುಖ ಒರೆಸಿಕೊಂಡೆ. ದೂಳು ಬಿದ್ದಿತ್ತು.

ಆಮೇಲೆ ಮಾಡಿದ ಹಾಸಿಗೆ ಕೇಳಿ. ಗೂಡಿನ ನೆಲ ದಿಮ್ಮಿಸಿ ಸಗಣಿ ಸಾರಿಸಿದೆ. ಅದರ ಮೇಲೆ ಒಣ ಮರಳು ಎರಡು ಬೆರಳು. ಅದರ ಮೇಲೆ ಭತ್ತದ ಹೊಟ್ಟು ನಾಲ್ಕು ಬೆರಳು, ಒಲೆಬೂದಿ ಕಲಸಿ. ಮೂಲೆಗಳಿಗೆ ನೆರಳಲ್ಲಿ ಒಣಗಿಸಿದ ಲಕ್ಕಿಸೊಪ್ಪು, ಅದರ ವಾಸನೆಗೆ ಹುಳ ಹುಪ್ಪಟೆ ಸುಳಿಯುವುದಿಲ್ಲ. ಕೊನೆಯದು ದೊಡ್ಡದು. ಬೆಳಿಗ್ಗೆ ಒಂದು ಹಿಡಿ ರಾಗಿಯನ್ನು ಹೊಟ್ಟಿನ ಮೇಲೆ ಎಸೆಯಬೇಕು. ಕೋಳಿಗಳು ಕಾಳು ಹುಡುಕುತ್ತ ಹಾಸಿಗೆಯನ್ನು ತಾವೇ ಅಡಿಮೇಲು ಮಾಡುತ್ತವೆ. ಹಿಕ್ಕೆ ಪುಡಿಯಾಗುತ್ತದೆ, ಒಣಗುತ್ತದೆ, ನಾರುವುದಿಲ್ಲ. ನಮಗೆ ಗುದ್ದಲಿ ಕೆಲಸವಿಲ್ಲ. ಕೆದರುವ ಜಾತಿಯನ್ನು ಕೆದರಬೇಡ ಅನ್ನುವವನು ದಡ್ಡ. ಎಲ್ಲಿ ಕೆದರಬೇಕೆಂದು ತೋರಿಸುವವನು ಜಾಣ. ಈ ಮಾತನ್ನು ಸಿದ್ದನಿಗೆ ಹೇಳಿದೆ. "ನಿನ್ ಹೆಂಡ್ತಿ ನಿಂಗೆ ಇಂಗೇ ತಾನೆ ಮಾಡಿರಾದು" ಅಂದ.

ಸಂಕ್ರಾಂತಿ ಕಳೆದ ಮೇಲೆ ಹೊನ್ನಮ್ಮ, ಹಿಂದಿನ ರಾತ್ರಿಯೇ ಗಾಡಿ ಹೂಡಿಸಿ, ಊಟದ ಹೊತ್ತಿಗೆ ಬಂದಳು. ಕಾಲು ತೊಳೆದವಳೇ ನೀರೂ ಕುಡಿಯದೆ ಕೊಟ್ಟಿಗೆಗೆ ನಡೆದಳು. ಗೂಡಿನ ಬಾಗಿಲು ತೆಗೆದು ಬಗ್ಗಿ, ಒಂದು ಹಿಡಿ ಹೊಟ್ಟು ತೆಗೆದು ಮುಷ್ಟಿ ಕಟ್ಟಿ ಅದುಮಿದಳು. ತೇವವಿದ್ದರೆ ಉಂಡೆಯಾಗಬೇಕು. ಮುಷ್ಟಿ ಬಿಚ್ಚಿದಳು, ಹುಡಿಹುಡಿಯಾಗಿ ಉದುರಿತು. ಮೂಸಿ ನೋಡಿದಳು. ಆಮೇಲೆ ಅಂಗೈಯಲ್ಲಿ ಉಳಿದದ್ದನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಅವರ ಗದ್ದೆಯದು ಕೆಂಪು ಭತ್ತ, ಅದರ ಹೊಟ್ಟಿಗೂ ಒಂದು ಕೆಂಬಣ್ಣ ಇರುತ್ತದೆ ಅನ್ನುವುದು ಆ ಗಳಿಗೆಯವರೆಗೆ ನನಗೆ ಹೊಳೆದಿರಲಿಲ್ಲ.

"ಈ ಒಟ್ಟು ಎಲ್ಲೀದು ಬೀಗ್ರೇ?"

"ನರಸೀಪುರದ್ದು ತಾಯಿ" ಅಂದೆ. ಎಲ್ಲಿಂದ ಬಂತೋ ಆ ಊರು ನನ್ನ ಬಾಯಿಗೆ.

ಅವಳು ಕೈ ಕೊಡವಿಕೊಂಡು ಕೆಂಪಮ್ಮನ ಕಡೆ ತಿರುಗಿ, "ಅಕ್ಕ, ತೊಟ್ಲು ಕಟ್ಟೋ ಜಾಗದಲ್ಲೇ ನಂಗೊಂದು ಚಾಪೆ ಆಸು. ವಸಿ ಮನಿಕತೀನಿ" ಅಂದಳು.

ಊಟ ಮುಗಿಸಿ, ಗೂಡಿನ ಗೋಡೆಗೆ ತಲೆ ಹಾಕಿಕೊಂಡೇ ಮಲಗಿದಳು. ಮಲಗಿದ್ದು ನಿದ್ದೆಗಲ್ಲ, ಪರೀಕ್ಷೆಗೆ. ಹೇನಿದ್ದರೆ ಕಚ್ಚುತ್ತದೆ, ವಾಸನೆ ಇದ್ದರೆ ಎಬ್ಬಿಸುತ್ತದೆ. ನಾನು, ಕೆಂಪಮ್ಮ, ಮರಿಯಪ್ಪ ಮೂವರೂ ನಡುಮನೆಯಲ್ಲಿ ಸಾಲಾಗಿ ಕೂತು ಬಾಗಿಲ ಸಂದಿಯಿಂದ ಅವಳ ಕೈಯನ್ನೇ ನೋಡುತ್ತಿದ್ದೆವು. ಆ ಕೈ ಮೈ ಕೆರೆದುಕೊಂಡರೆ ಐದನೆಯ ತಿಂಗಳು. ಒಂದು ಸಲ ಕೈ ಎದ್ದಿತು. ಕೊರಳ ಕಡೆಗೆ ಹೋ‍ಯಿತು. ಮರಿಯಪ್ಪ ನನ್ನ ತೊಡೆ ಹಿಡಿದುಕೊಂಡ. ಕೈ ಕೊರಳ ಸರವನ್ನು ಪಕ್ಕಕ್ಕೆ ಸರಿಸಿ ಮತ್ತೆ ಬಿತ್ತು. ಆಮೇಲೆ ಒಂದು ನೊಣ ಅವಳ ಮೂಗಿನ ಮೇಲೆ ಕೂತಿತು. ನೊಣಕ್ಕೂ ಕೋಳಿಗೂ ಸಂಬಂಧವಿಲ್ಲ ಅಂತ ಆಮೇಲೆ ವಾದಿಸುವುದು ಯಾರು? ನಾನು ಉಸಿರು ಬಿಗಿಹಿಡಿದು ತೆವಳಿಕೊಂಡು ಹೋಗಿ ಬೀಸಣಿಗೆಯಿಂದ ಅದನ್ನು ಓಡಿಸಿ ಬಂದೆ. ಗೋಡೆಯಾಚೆ ಕೋಳಿಗಳು ಹೊಟ್ಟು ಕೆದರುವ ಸರಬರ ಸದ್ದು. ಸ್ವಲ್ಪ ಹೊತ್ತಿಗೆ ಅದಕ್ಕೆ ಸರಿಯಾಗಿ ಹೊನ್ನಮ್ಮನ ಗೊರಕೆ ಕೂಡಿತು. ಅಂಥ ಸಂಗೀತ ನಾನು ಹುಟ್ಟಿದ ಮೇಲೆ ಕೇಳಿಲ್ಲ.

ಬಿಸಿಲು ತಗ್ಗಿದ ಮೇಲೆ ಎದ್ದಳು. ಮುಖ ತೊಳೆದು, ಎಲೆ ಹಾಕಿಕೊಂಡು, ಗಾಡಿಯಲ್ಲಿ ಕೂರುವವರೆಗೂ ಹೌದೂ ಇಲ್ಲ ಅಲ್ಲವೂ ಇಲ್ಲ. ನಾನು ನೊಗದ ಪಕ್ಕ ಕೈಕಟ್ಟಿ ನಿಂತಿದ್ದೆ. ಎತ್ತು ಒಂದು ಹೆಜ್ಜೆ ಇಟ್ಟ ಮೇಲೆ ಹೊನ್ನಮ್ಮ ತಿರುಗಿ ನೋಡಿದಳು.

"ನರಸೀಪುರದ ಒಟ್ಟು ಚೆಂದಾಗದೆ ಬೀಗ್ರೇ. ಸ್ವಾಮಾರ ಗಾಡಿ ತಕ್ಕಂಡು ಬನ್ನಿ. ಆ ಒಟ್ಟು ಕೇರಿದ ನರಸೀಪುರದೋಳ್ನೂ ಅವ್ಳ ಮಗೀನೂ ಕರ್ಕೊಂಡೋಗಿ."